ಒಂಬತ್ತನೇ ನಂಬರಿನ ಕೈ

ಆ ದಿನ ಬೆಳಿಗ್ಗೆ ಸ್ಕ್ಯಾನಣ್ಣ ತೆಪ್ಪಗೆ ಚಹಾ ಕುಡಿಯುತ್ತ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಸ್ಕ್ಯಾನ್ ಯಂತ್ರ ಸರಿಯಾಗಿದೆಯೋ ಇಲ್ಲವೋ ಒಂದು ಸಲ ನೋಡಿಬಿಡೋಣ ಎಂದು ತನ್ನದೇ ಎಡಗೈಯನ್ನು ಅದರೊಳಗಿಟ್ಟ. ಚಿತ್ರವೇನೋ ಚೆನ್ನಾಗಿಯೇ ಬಂತು. ಆದರೆ ನಂಬರು ಕೊಡದೆ ಮುಂದಕ್ಕೆ ಹೋಗುವುದಿಲ್ಲ ಎಂದು ಕಂಪ್ಯೂಟರು ಹಟ ಹಿಡಿಯಿತು. ಬೆರಳಿಗೆ ಸಿಕ್ಕ ಒಂಬತ್ತನ್ನು ಒತ್ತಿ ಅದರ ಬಾಯಿ ಮುಚ್ಚಿಸಿದ.

ಹತ್ತೊಂಬತ್ತು ವರ್ಷದಿಂದ ಆ ಆಸ್ಪತ್ರೆಯ ಸ್ಕ್ಯಾನ್ ಕೋಣೆಯಲ್ಲೇ ಸವೆದಿದ್ದ ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಮತ್ತೆಲ್ಲೂ ಉಳಿದಿರಲಿಲ್ಲ. ಈಗ ಊರಿಗೆ ಹದಿನೇಳರೊಳಗಿನ ಹುಡುಗರ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ ಬಂದು ಅವನ ಕೋಣೆಗೂ ಗತ್ತು ಬಂದಿತ್ತು. ವಯಸ್ಸು ಮುಚ್ಚಿಟ್ಟು ಆಡುವವರನ್ನು ಹಿಡಿಯಲು ಪ್ರತಿ ಆಟಗಾರನ ಮಣಿಕಟ್ಟನ್ನೂ ಸ್ಕ್ಯಾನ್ ಮಾಡಬೇಕು. ಬೆಳೆಯುವ ಹುಡುಗರ ಮೂಳೆಯ ತುದಿಯಲ್ಲಿ ಸಣ್ಣದೊಂದು ಸಂದು ಇರುತ್ತದೆ. ಸಂದು ಇದ್ದರೆ ಮೈದಾನಕ್ಕೆ, ಮುಚ್ಚಿಹೋಗಿದ್ದರೆ ಮನೆಗೆ. ನಮ್ಮ ಹುಡುಗರ ಪರೀಕ್ಷೆ ಹೋದ ವಾರವೇ ಮುಗಿದಿತ್ತು. ಸಂಜೆ ನಮ್ಮವರೆದುರು ಸೆಣಸಬೇಕಿದ್ದ ಪರದೇಶದ ತಂಡ ಮಾತ್ರ ವಿಮಾನ ತಪ್ಪಿಸಿಕೊಂಡು ಆವತ್ತು ಬಂದಿಳಿದಿತ್ತು.

ಇಪ್ಪತ್ತೊಂದು ಹುಡುಗರು ಕಾರಿಡಾರಿನಲ್ಲಿ ಗಾಲಿಕುರ್ಚಿಗಳ ಪಂದ್ಯ ನಡೆಸುತ್ತ ಒಬ್ಬೊಬ್ಬರಾಗಿ ಒಳಗೆ ಬಂದರು. ಸ್ಕ್ಯಾನಣ್ಣ ಮುಖ ನೋಡುತ್ತಿರಲಿಲ್ಲ. ಅಂಗಿಯ ಮೇಲಿನ ನಂಬರು ನೋಡಿ ಒತ್ತುವುದು, ಮುಂದಿನವನನ್ನು ಕರೆಯುವುದು. ಒಂಬತ್ತನೆಯವನ ಚಿತ್ರ ಬಂದಾಗ ಕಂಪ್ಯೂಟರು, ‘ಒಂಬತ್ತು ಆಗಲೇ ಇದೆ, ಹಳೆಯದನ್ನೇ ಉಳಿಸಲೇ?’ ಎಂದು ಕೇಳಿತು. ಸರಿಯಾಗಿ ಅದೇ ಹೊತ್ತಿಗೆ ಆಂಬ್ಯುಲೆನ್ಸ್ ಡ್ರೈವರು ಬಾಗಿಲಲ್ಲಿ ತಲೆ ತೂರಿಸಿ, “ಅಣ್ಣಾ, ಇವರ ಗೋಲ್‌ಕೀಪರ್ ಕೈ ಎಷ್ಟುದ್ದ ಇದೆ, ಸ್ವಲ್ಪ ಹೇಳಿ,” ಎಂದ. ಅವನನ್ನು ಓಡಿಸುವ ಅವಸರದಲ್ಲಿ ಸ್ಕ್ಯಾನಣ್ಣ ಹೂಂ ಒತ್ತಿದ.

ಅರ್ಧ ಗಂಟೆಯಲ್ಲಿ ದೊಡ್ಡ ಡಾಕ್ಟರು ಪರದೆಯ ಮುಂದೆ ಕೂತು ಮೂಗಿನ ಮೇಲೆ ಬೆರಳಿಟ್ಟರು.

“ಏನ್ರೀ ಇದು ಒಂಬತ್ತನೇ ನಂಬರು? ಸಂದು ಮುಚ್ಚಿ ಎಷ್ಟೋ ಕಾಲ ಆಗಿದೆ. ಸವೆತ ಬೇರೆ ಶುರುವಾಗಿದೆ. ಇವನಿಗೆ ನಲವತ್ತಾದರೂ ಇರಬೇಕು.”

ಸ್ಕ್ಯಾನಣ್ಣನ ಎಡಗೈ ತಾನಾಗಿಯೇ ಜೇಬಿಗೆ ಸರಿಯಿತು. ಅವನು ಬಾಯಿ ತೆರೆಯುವುದರೊಳಗೆ ಡ್ರೈವರು ಸುದ್ದಿ ಹೊತ್ತು ಓಡಿಯಾಗಿತ್ತು. ಔಷಧಿ ಅಂಗಡಿ ತಲುಪುವಾಗ ಒಂಬತ್ತನೇ ನಂಬರಿಗೆ ಇಬ್ಬರು ಮಕ್ಕಳಿದ್ದರು. ಬಸ್ ನಿಲ್ದಾಣದಲ್ಲಿ ದೊಡ್ಡ ಮಗಳಿಗೆ ಗಂಡು ಹುಡುಕುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವನು ಪಿಂಚಣಿ ತೆಗೆದುಕೊಳ್ಳುತ್ತಿದ್ದ.

ಎದುರಾಳಿಗಳ ಗೋಲುಗಳೆಲ್ಲ ಆ ಒಂಬತ್ತನೆಯವನ ಕಾಲಿನಿಂದಲೇ ಬರುತ್ತಿದ್ದವಂತೆ. ಅವನೇ ಹೊರಬಿದ್ದ ಮೇಲೆ ಊರಿಗೆ ಕೇಳಬೇಕೆ? ಆಸ್ಪತ್ರೆಯ ಮುಂದೆ ಜನ ಸೇರಿ ಸ್ಕ್ಯಾನಣ್ಣನಿಗೆ ಜೈಕಾರ ಹಾಕಿದರು. ದೊಡ್ಡ ಡಾಕ್ಟರು ಜನ್ಮದಲ್ಲಿ ಮೊದಲ ಸಲ ಅವನ ಬೆನ್ನು ತಟ್ಟಿದರು. ಬೆಳಿಗ್ಗೆ ತಿಂಡಿಗೆ ಉಪ್ಪು ಕಡಿಮೆ ಎಂದದ್ದಕ್ಕೆ ಮಾತು ಬಿಟ್ಟಿದ್ದ ಹೆಂಡತಿಯೇ ಫೋನ್ ಮಾಡಿ, “ರೀ, ಟಿವಿಯಲ್ಲಿ ನಿಮ್ಮನ್ನ ತೋರಿಸ್ತಿದಾರೆ, ಸ್ವಲ್ಪ ತಲೆ ಬಾಚ್ಕೊಳ್ಳಿ,” ಎಂದಳು.

ಸ್ಕ್ಯಾನಣ್ಣ ತಲೆ ಬಾಚಿಕೊಳ್ಳಲು ಹೊರಟವನು ಕಾರಿಡಾರಿನಲ್ಲಿ ನಿಂತ. ಆ ಒಂಬತ್ತನೇ ನಂಬರಿನ ಹುಡುಗ ಬೆಂಚಿನ ತುದಿಯಲ್ಲಿ ಮುದುರಿ ಕೂತಿದ್ದ. ಒಣಗಿದ ನುಗ್ಗೆಕಾಯಿಯಂಥ ಮೈ, ಕೆನ್ನೆಯ ತುಂಬ ಮೊಡವೆ. ಫೋನಿನಲ್ಲಿ ‘ಮಮ್ಮಾ, ಮಮ್ಮಾ’ ಎಂದು ಬಿಕ್ಕುತ್ತಿದ್ದ; ಧ್ವನಿ ಒಂದು ಕ್ಷಣ ಕೋಳಿಮರಿ, ಮರುಕ್ಷಣ ಕಪ್ಪೆ. ನಲವತ್ತರ ಗಂಡಸಿಗೆ ಹಾಗೆ ಅಳಲು ಬರುವುದಿಲ್ಲ ಎಂಬುದು ಸ್ಕ್ಯಾನಣ್ಣನಿಗೆ ಗೊತ್ತಿತ್ತು. ಅವನು ಪ್ರಯತ್ನ ಮಾಡಿದ್ದ.

ತಲೆ ಬಾಚದೆಯೇ ದೊಡ್ಡ ಡಾಕ್ಟರ ಕೋಣೆಗೆ ಹೋದ.

“ಸಾರ್, ಅದು ನನ್ನ ಕೈ.”

“ಹೌದ್ರೀ, ಎಲ್ಲಾ ನಿಮ್ಮ ಕೈಚಳಕವೇ.”

“ಕೈಚಳಕ ಅಲ್ಲ ಸಾರ್, ಕೈಯೇ ನಂದು. ಆ ಸವೆತವೂ ನಂದೇ.”

ಡಾಕ್ಟರು ಎದ್ದು ಬಾಗಿಲು ಹಾಕಿದರು. “ಸಂಜೆ ಆಟ ಮುಗೀಲಿ. ನಾಳೆ ನಿಧಾನವಾಗಿ ನೆನಪಿಸ್ಕೊಳ್ಳಿ.”

ಬಾಗಿಲ ಹೊರಗೆ ಕಿವಿಯಿಟ್ಟಿದ್ದ ಡ್ರೈವರು ಅವನ ಅಂಗಿ ಹಿಡಿದೆಳೆದ. “ಅಣ್ಣಾ, ನಿಮಗೇನು ತಲೆ ಕೆಟ್ಟಿದ್ಯಾ? ಊರಿನ ಮಾನ ನಿಮ್ಮ ಕೈಲಿದೆ.”

“ಅದೇ ಕಣೋ ತೊಂದರೆ,” ಎಂದು ಸ್ಕ್ಯಾನಣ್ಣ ಅಂಗಿ ಬಿಡಿಸಿಕೊಂಡು ಪಂದ್ಯಾವಳಿಯ ಅಧಿಕಾರಿಣಿಯ ಮುಂದೆ ಹೋಗಿ ನಿಂತ. ಆಕೆ ಪರದೇಶದವರು, ನಮ್ಮ ಮಾತು ಬಾರದು, ನಗು ಅದಕ್ಕಿಂತ ಬಾರದು. ಅವನು ತನ್ನ ಹರುಕುಮುರುಕು ಇಂಗ್ಲಿಷಿನಲ್ಲಿ, ಉಳಿದದ್ದನ್ನು ಎಡಗೈಯಲ್ಲಿ, ಎಲ್ಲವನ್ನೂ ಒಪ್ಪಿಸಿದ.

ಅಧಿಕಾರಿಣಿಯ ಎದುರಿನಲ್ಲೇ ಹುಡುಗನ ಕೈ ಮತ್ತೆ ಯಂತ್ರದೊಳಗೆ ಹೋಯಿತು. ಪರದೆಯ ಮೇಲೆ ಸಂದು ಸ್ಪಷ್ಟವಾಗಿ ಕಂಡಿತು, ಹುಡುಗನ ಹಲ್ಲುಗಳ ನಡುವೆ ಇದ್ದಷ್ಟೇ ಸ್ಪಷ್ಟವಾಗಿ. ಅಲ್ಲಿಯವರೆಗೆ ಮೇಜು ಗುದ್ದುತ್ತಿದ್ದ ಹುಡುಗನ ತಂಡದ ಕೋಚು ಸ್ಕ್ಯಾನಣ್ಣನನ್ನು ಎತ್ತಿ ಎರಡೂ ಕೆನ್ನೆಗೆ ಮುತ್ತಿಟ್ಟ. ಕಿಟಕಿಯಾಚೆಯಿಂದ ಅದನ್ನು ನೋಡಿದ ಊರು ಜೈಕಾರ ನಿಲ್ಲಿಸಿತು. ಹೆಂಡತಿ ಮತ್ತೆ ಫೋನ್ ಮಾಡಿ, “ಟಿವಿಯಲ್ಲಿ ಯಾರ್ರೀ ನಿಮಗೆ ಮುತ್ತು ಕೊಟ್ಟಿದ್ದು? ಅಕ್ಕಪಕ್ಕದವರೆಲ್ಲ ನನ್ನ ಕೇಳ್ತಿದಾರೆ,” ಎಂದು ಫೋನ್ ಇಟ್ಟುಬಿಟ್ಟಳು. ಡ್ರೈವರು ನೆಲಕ್ಕೆ ಉಗುಳಲು ಹೋಗಿ, ಆಸ್ಪತ್ರೆ ಎಂದು ನೆನಪಾಗಿ, ನುಂಗಿಕೊಂಡ.

ಆದರೂ ಸ್ಕ್ಯಾನಣ್ಣನ ಎದೆ ಹಗುರಾಗಿತ್ತು. ಚೀಲ ಹೆಗಲಿಗೇರಿಸಿ ಮನೆಯತ್ತ ಹೊರಟ.

“ನಿಲ್ಲಿ,” ಎಂದರು ಅಧಿಕಾರಿಣಿ ಇಂಗ್ಲಿಷಿನಲ್ಲಿ. “ಒಂದು ಕೈ ಅದಲುಬದಲಾಗಿದೆ ಎಂದರೆ ನೀವು ತೆಗೆದ ಯಾವುದನ್ನೂ ನಂಬುವ ಹಾಗಿಲ್ಲ. ನಿಮ್ಮ ದೇಶದ ತಂಡವನ್ನೂ ಕರೆಸಿ. ನಾನು ಇಲ್ಲೇ ಕೂತಿರುತ್ತೇನೆ.”

ಮೊದಲಿಗೆ ಬಂದವನು ನಮ್ಮ ನಾಯಕ. ಊರಿನ ಗೋಡೆಗಳ ಮೇಲೆಲ್ಲ ಅವನದೇ ಪಟ. ಕಿಟಕಿಯಾಚೆ ಜನ ಅವನನ್ನು ಕಂಡದ್ದೇ ಮತ್ತೆ ಕೂಗತೊಡಗಿದರು. ಈ ಸಲ ಸ್ಕ್ಯಾನಣ್ಣ ನಂಬರು ಬಿಟ್ಟು ಮುಖ ನೋಡಿದ. ಆಗ ತಾನೇ ಬೋಳಿಸಿದ ಗಡ್ಡ ಗಲ್ಲದ ಮೇಲೆ ಹಸಿರಾಡುತ್ತಿತ್ತು.

ನಾಯಕ ಬಗ್ಗಿ ಪಿಸುಗುಟ್ಟಿದ. “ಅಂಕಲ್, ಒಂದೈದು ನಿಮಿಷ ತಡೀರಿ. ತಮ್ಮ ಬರ್ತಿದಾನೆ.”

“ತಮ್ಮ ಯಾಕಪ್ಪಾ?”

“ಹೋದ ವಾರ ನನ್ನ ಅಂಗಿ ಹಾಕ್ಕೊಂಡು ಬಂದಿದ್ದು ಅವನೇ ಅಲ್ವಾ. ನೀವು ನಂಬರ್ ಮಾತ್ರ ನೋಡಿದ್ರಿ.”

ಅಧಿಕಾರಿಣಿ ಗಡಿಯಾರ ನೋಡಿ, ತಾವೇ ಎದ್ದು, ನಾಯಕನ ಕೈ ಹಿಡಿದು ಯಂತ್ರದೊಳಗಿಟ್ಟು ಗುಂಡಿ ಒತ್ತಿದರು. ಚಿತ್ರ ಮೂಡಿತು. ಅವರು ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ನೋಡಿದರು, ನಾಯಕನನ್ನು ನೋಡಿದರು, ಕೊನೆಗೆ ಸ್ಕ್ಯಾನಣ್ಣನ ಕಡೆ ತಿರುಗಿದರು.

“ಇದೂ ನಿಮ್ಮದೇ ಕೈಯಾ?”

ನಾಯಕ ಮೇಜಿನ ಕೆಳಗೆ ಸ್ಕ್ಯಾನಣ್ಣನ ಕಾಲು ತುಳಿದ. “ಹೌದು ಅನ್ನಿ ಅಂಕಲ್,” ಎಂದ.