ಹ್ಯಾಂಡಲ್ ಹೊಡೆದರೆ ಹೊರಡುವ ಕಾರುಗಳು

ಹೊಸ ಕಾರಿನವರು ಬಂದರೆ "ಗಾಡಿ ಕೆಟ್ಟಿದೆ" ಅನ್ನುತ್ತಾರೆ. ಹಳೇ ಕಾರಿನ ಹುಚ್ಚು ಹಿಡಿದವರು ಬಂದರೆ "ಯಾಕೋ ಇವಳಿಗೆ ಹುಷಾರಿಲ್ಲ ಕಣಯ್ಯ" ಅನ್ನುತ್ತಾರೆ. ಸ್ವಾತಂತ್ರ್ಯ ಬಂದ ಮೇಲೆ ಹತ್ತು ಹದಿನೈದು ವರ್ಷ ಮಂಡಿ ಮೊಹಲ್ಲಾದ ನನ್ನ ತಗಡಿನ ರಿಪೇರಿ ಶೆಡ್ಡಿಗೆ ಬಂದವರೆಲ್ಲ ಹೆಚ್ಚುಕಮ್ಮಿ ಈ ಎರಡನೇ ಗುಂಪಿನವರೇ. ನಗೋದಕ್ಕೆ ನಾನು ಬೇರೆಲ್ಲೂ ಹೋಗಬೇಕಾಗಿರಲಿಲ್ಲ.

ರಬ್ಬರ್ ಬುಡ್ಡೆ

ಲಷ್ಕರ್ ಮೊಹಲ್ಲಾದ ಡಾಕ್ಟರೊಬ್ಬರ ಕಾರಿಗೆ ಹಿಚುಕಿದರೆ 'ಪೋಂ' ಅನ್ನುವ ಹಿತ್ತಾಳೆ ಹಾರನ್ ಇತ್ತು. ಅದರ ರಬ್ಬರ್ ಬುಡ್ಡೆ ಹರಿದುಹೋಯಿತು.

"ಕರೆಂಟ್ ಹಾರನ್ ಹಾಕ್ಬುಡ್ಲಾ ಸಾರ್?" ಅಂದೆ.

"ಅದರ ಬದಲು ನನ್ನ ಕತ್ತು ಹಿಚುಕ್ಬುಡಯ್ಯ."

ಊರೆಲ್ಲ ಹುಡುಕಿದರೂ ಅಂಥದ್ದು ಸಿಗಲಿಲ್ಲ. ಕೊನೆಗೆ ಅವರ ಕಾಂಪೌಂಡರನ್ನೇ ಕಾಡಿಬೇಡಿ ಒಂದು ಬುಡ್ಡೆ ತಂದು ಕೂರಿಸಿದೆ. ಡಾಕ್ಟರು ಹಿಚುಕಿ ನೋಡಿ, "ಭೇಷ್! ಒರಿಜಿನಲ್ ಕಣಯ್ಯ ಇದು!" ಅಂತ ಕುಣಿದಾಡಿದರು.

ವಾರ ಕಳೆದ ಮೇಲೆ ಯಾರೋ ಹೊಟ್ಟೆ ಕಟ್ಟಿಕೊಂಡವರು ಡಾಕ್ಟರ ಷಾಪಿಗೆ ಬಂದರಂತೆ. ಡಾಕ್ಟರು ಅವರನ್ನು ಮಲಗಿಸಿ, "ಎನಿಮಾ ಬುಡ್ಡೆ ಎಲ್ಲಯ್ಯ?" ಅಂತ ಕೂಗಿದರು.

ಕಾಂಪೌಂಡರ್ ಹೇಳಿದ: "ಕಾರಲ್ಲಿದೆ ಸಾರ್. ತಾವೇ ದಿನಾ ಬಾರಿಸ್ತಿದೀರಲ್ಲ."

ಬೆಟ್ಟದ ದಾರಿ

ಪೆನ್ಷನ್ ಆದ ಅಮಲ್ದಾರರೊಬ್ಬರ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗಿತ್ತು. ಏರಿನಲ್ಲಿ ಇಂಜಿನ್ನು ಮೇಲಾಗಿ ಟ್ಯಾಂಕು ಕೆಳಗಾದರೆ ಪೆಟ್ರೋಲು ಹರಿಯುತ್ತಲೇ ಇರಲಿಲ್ಲ. "ರಿವರ್ಸಲ್ಲಿ ಹತ್ತಿಸಿ ಸ್ವಾಮಿ" ಅಂತ ನಾನೇ ಹೇಳಿಕೊಟ್ಟೆ.

ಒಂದು ಶುಕ್ರವಾರ ತಮ್ಮ ಅತ್ತೆಯವರನ್ನು ಹಿಂದೆ ಕೂರಿಸಿಕೊಂಡು, ನನ್ನನ್ನೂ ಪಕ್ಕಕ್ಕೆ ಹಾಕಿಕೊಂಡು ಚಾಮುಂಡಿಬೆಟ್ಟಕ್ಕೆ ಹೊರಟರು. ಕಾರು ಹಿಂದುಹಿಂದಕ್ಕೆ ಹತ್ತತೊಡಗಿತು.

"ಅಮ್ಮನವರಿಗೆ ಬೆನ್ನು ತೋರಿಸ್ಕೊಂಡು ಹೋಗೋದೇನ್ರೀ!" ಅಂತ ಅತ್ತೆ ತಿರುಗಿ, ಸೀಟಿನ ಮೇಲೆ ಮಂಡಿಯೂರಿ ಕೈಮುಗಿದುಕೊಂಡೇ ಬಂದರು.

ಮೇಲೆ ತಲುಪಿದಾಗ ಕಾರಿನ ಮೂತಿ ಊರ ಕಡೆಗಿತ್ತು. ಹೂ ಮಾರುವ ಹೆಂಗಸು ಓಡಿಬಂದು, "ಯಾಕ್ ಬುದ್ದಿ, ಮಂಗಳಾರತಿ ತಕ್ಕಳದೇ ಹೊಂಟ್ಬುಟ್ರಾ?" ಅಂದಳು.

ಮದುವೆ ಮೆರವಣಿಗೆ

ಬೆಲ್ಲದ ಮಂಡಿಯ ಸಾಹುಕಾರರೊಬ್ಬರು ತಮ್ಮ ಹಳೇ ಕಾರನ್ನು ಎರಡು ವರ್ಷ ಉಜ್ಜಿ ಉಜ್ಜಿ ಫಳಫಳ ಅನ್ನಿಸಿದ್ದರು. ಅಕ್ಕನ ಮಗನ ಮದುವೆಗೆ ವರನನ್ನು ಅದರಲ್ಲೇ ಕರೆತರುವುದು ಅಂತ ಹಟ. ಬೆಳಗಿನಿಂದ ನಾವಿಬ್ಬರೂ ಸರದಿಯ ಮೇಲೆ ಕಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ಹೊಡೆದು ಹೊಡೆದು, ರಟ್ಟೆ ಬಿದ್ದುಹೋಗುವ ಹೊತ್ತಿಗೆ ಇಂಜಿನ್ನು ಗುಡುಗಿತು.

ಛತ್ರದ ಬಾಗಿಲಲ್ಲಿ ಹೆಣ್ಣಿನ ಕಡೆಯವರು ಆರತಿ ಹಿಡಿದು ನಿಂತಿದ್ದರು. ಕಾರು ನಿಲ್ಲಲಿಲ್ಲ. ಛತ್ರ ಸುತ್ತಿ ಮತ್ತೆ ಬಂತು. ಆಗಲೂ ನಿಲ್ಲಲಿಲ್ಲ. ಓಲಗದವರು ಊದುತ್ತಲೇ ಹಿಂದೆ ಓಡಿದರು.

ನಾನು ಪಕ್ಕದಲ್ಲಿ ಓಡುತ್ತ, "ಆಫ್ ಮಾಡಿ ಸಾಹುಕಾರ್ರೇ!" ಅಂತ ಕೂಗಿದೆ.

"ಕಾರು ನಿಂತ್ರೇ ಇಂಜಿನ್ನು ಸಾಯುತ್ತೆ, ಆಮೇಲೆ ಮತ್ತೆ ಸ್ಟಾರ್ಟ್ ಆಗುತ್ತೇನಯ್ಯ? ನಿಧಾನಕ್ಕೆ ಹೋಗ್ತೀನಿ, ಅವನೇ ಧುಮುಕ್ಲಿ!"

ಪೇಟ, ಬಾಸಿಂಗ, ರೇಷ್ಮೆ ಪಂಚೆ ಎಲ್ಲವನ್ನೂ ಎರಡೇ ಕೈಯಲ್ಲಿ ಹಿಡಿದುಕೊಂಡ ವರ ಧುಮುಕುವುದೆಲ್ಲಿಂದ ಬಂತು? ಪುರೋಹಿತರು "ಮುಹೂರ್ತ! ಮುಹೂರ್ತ!" ಅಂತ ಬಾಯಿ ಬಡಿದುಕೊಂಡರು. ಹೆಣ್ಣಿನ ತಂದೆ ಕಂಬಕ್ಕೊರಗಿ ಕುಸಿದರು.

ನಾಲ್ಕನೇ ಸುತ್ತಿಗೆ ಮದುಮಗಳೇ ಹೊರಗೆ ಬಂದಳು. ಸೀರೆ ನೆರಿಗೆ ಎತ್ತಿ ಕಟ್ಟಿ, ಕಾರಿನ ಫುಟ್‌ಬೋರ್ಡಿಗೆ ಹಾರಿ, ಸಾಹುಕಾರರ ಎದೆ ಮೇಲಿಂದ ಕೈಚಾಚಿ ಸ್ವಿಚ್ಚು ತಿರುಗಿಸಿಯೇಬಿಟ್ಟಳು. ಇಂಜಿನ್ನು ನಿಂತಿತು. ಓಲಗವೂ ನಿಂತಿತು.

"ಅಯ್ಯೋ ತಾಯಿ, ಏನ್ ಮಾಡ್ಬುಟ್ಟೆ! ಇನ್ನು ಇದನ್ನ ಹೊರಡಿಸೋರ್ಯಾರು?" ಸಾಹುಕಾರರು ಅಳುವುದೊಂದು ಬಾಕಿ.

ಅವಳು ಕೆಳಗಿಳಿದು ವರನ ಕಡೆ ಬೆರಳು ಮಾಡಿದಳು: "ಇವರು ಮೊದಲು ತಾಳಿ ಕಟ್ಲಿ. ಆಮೇಲೆ ತಳ್ಳಲಿ."