ಎಂಟು ಕಾಯಿ ಕಟ್ಟಿಕೊಂಡು ಕೆರೆಗಿಳಿದದ್ದು

ನನಗೆ ಈಜು ಬರುತ್ತದೆ ಎಂದು ನಾನು ತಿಳಿಸಿದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಹೆಣ್ಣು ನೋಡಲು ಹೋದ ದಿನ, ಬಾಯಿ ತುಂಬಾ ಉಪ್ಪಿಟ್ಟು ಇದ್ದಾಗ. ದಂಡಿನಶಿವರದ ಕಡೆಯ ಊರು. ಮುಂದೆ ಮಾವನವರಾಗಲಿದ್ದ ಹಿರಿಯರು, "ಈಜು ಗೀಜು ಬತ್ತದೇನಪ್ಪಾ?" ಎಂದು ಕೇಳಿದರು. ಬಾಯಿ ಬಿಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ತಲೆಯಾಡಿಸಿದೆ. ತಲೆ ಮೇಲೆ ಕೆಳಗೆ ಆಡಿತು. ಅಡ್ಡಡ್ಡ ಆಡಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

ಮದುವೆಯಾಗಿ ಆರು ವರ್ಷ ಯಾರೂ ಆ ಮಾತೆತ್ತಲಿಲ್ಲ. ಎತ್ತುವುದಕ್ಕೆ ಆ ಊರ ಕೆರೆಯಲ್ಲಿ ನೀರಿರಲಿಲ್ಲ. ಕೆರೆಯಂಗಳದಲ್ಲಿ ಹಸು ಮೇಯುತ್ತಿದ್ದವು, ನನ್ನ ಕೀರ್ತಿ ಸುರಕ್ಷಿತವಾಗಿತ್ತು. ಏಳನೆಯ ವರ್ಷ ಮಳೆ ಹಿಡಿಯಿತು. ತಿಪಟೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನನಗೆ ಮಾವನವರ ಕಾರ್ಡು ಬಂತು.

"ಕೆರೆ ಕೋಡಿ ಬಿದ್ದಿದೆ. ಶುಕ್ರವಾರ ಗಂಗಮ್ಮನ ಪೂಜೆ. ತೂಬಿನ ಕಂಬಕ್ಕೆ ಹಾರ ಹಾಕುವುದು ನಮ್ಮ ಮನೆಯ ಹಕ್ಕು. ನನಗೆ ಮಂಡಿ ನೋವು. ಹಿರೀ ಅಳಿಯಂದಿರು ತಾವೇ ಈಜಿ ಹೋಗಿ ಹಾಕತಕ್ಕದ್ದು."

ಕೆರೆಯ ನೀರನ್ನು ಗದ್ದೆಗೆ ಬಿಡುವ ತೂಬಿನ ಕಲ್ಲುಕಂಬ ಏರಿಯಿಂದ ಹತ್ತಿಪ್ಪತ್ತು ಮಾರು ಆಚೆ, ನೀರಿನ ನಡುವೆ ನಿಂತಿರುತ್ತದೆ. ಹಾರ ಹಾಕಿ ಬಂದವರಿಗೆ ಅವತ್ತು ಪಂಕ್ತಿಯಲ್ಲಿ ಮೊದಲ ಎಲೆ, ಊರವರ ಎದುರು ಮೊದಲ ತಾಂಬೂಲ. ಹಿರೀ ಅಳಿಯನಿಂದ ಆಗದಿದ್ದರೆ ಹಕ್ಕು ಕಿರೀ ಅಳಿಯನಿಗೆ. ಕಿರೀ ಅಳಿಯನೆಂದರೆ ನನ್ನ ಷಡ್ಡಕ, ಹಂದನಕೆರೆಯ ಶಿವಣ್ಣ. ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ ಅವನ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕೂ ನಾಚಿಕೆಯಾಗುತ್ತಿತ್ತು. ಆದರೂ ಪಡುತ್ತಿದ್ದೆ.

ಕಾರ್ಡು ಓದಿದ ನನ್ನ ಹೆಂಡತಿ ಲಲಿತ ಕನ್ನಡಕದ ಮೇಲಿಂದ ನೋಡಿದಳು.

"ರೀ, ನಿಮಗೆ ನಿಜವಾಗ್ಲೂ ಈಜು ಬತ್ತದಾ?"

"ಏನು ಪ್ರಶ್ನೆ ಅದು?"

"ಬರಲ್ಲ ಅಂತಾಯ್ತು. ಅಪ್ಪಯ್ಯಂಗೆ ಕಾಗ್ದ ಬರೀಲಾ?"

"ಇನ್ನೂ ನಾಲ್ಕು ದಿವಸ ಇದೆ ಕಣೇ!" ಎಂದೆ.

ಗ್ರಂಥಾಲಯದಿಂದ ಈಜಿನ ಪುಸ್ತಕವೊಂದನ್ನು ತಂದೆ. ಅದರಲ್ಲಿ ನಗುನಗುತ್ತಾ ನೀರಿನಲ್ಲಿ ಮಲಗಿದ್ದ ಗಂಡಸರ ಚಿತ್ರಗಳಿದ್ದವು. ಪಡಸಾಲೆಯ ಬೆಂಚಿನ ಮೇಲೆ ಬೋರಲು ಮಲಗಿ ಕೈಕಾಲು ಬಡಿಯುವ ಅಭ್ಯಾಸವನ್ನು ವಿಧ್ಯುಕ್ತವಾಗಿ ಆರಂಭಿಸಿದೆ. ಮೂರನೆಯ ದಿನಕ್ಕೆ ಎಷ್ಟು ಪ್ರಾವೀಣ್ಯ ಬಂತೆಂದರೆ ಬೆಂಚು ನನ್ನ ಸಮೇತ ಮಗುಚಿತು. ಪಕ್ಕದಲ್ಲಿದ್ದ ಕಾಫಿ ಲೋಟವೂ ಹೋಯಿತು.

"ಮುಳುಗಿದ್ರಾ?" ಎಂದು ಅಡಿಗೆಮನೆಯಿಂದ ಧ್ವನಿ ಬಂತು.

ಗುರುವಾರ ಊರಿಗೆ ಹೋದೆವು. ಇಡೀ ಊರು ಕೆರೆಯಲ್ಲಿತ್ತು. ಒಬ್ಬ ಎಮ್ಮೆಯ ಮೇಲೆ ಕೂತು ಸವಾರಿ ಹೊರಟಿದ್ದ. ಇನ್ನಿಬ್ಬರು ಬಾಳೆದಿಂಡಿನ ತೆಪ್ಪ ಕಟ್ಟಿಕೊಂಡು, ಯಾರು ಮೊದಲು ಆಚೆ ದಡ ಮುಟ್ಟುವುದು ಎಂದು ಕಿತ್ತಾಡುತ್ತಿದ್ದರು. ಲಾರಿಯ ಟ್ಯೂಬಿನ ನಡುವೆ ಕೂತ ದಪ್ಪನೆಯ ಮನುಷ್ಯರೊಬ್ಬರು ಬೀಡಿ ಸೇದುತ್ತಾ ತೇಲುತ್ತಿದ್ದರು. ಶಿವಣ್ಣನಂತೂ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು, ಮನೆಯ ಚಾಪೆಯ ಮೇಲಿದ್ದಂತೆ ಇದ್ದ. "ಅಣ್ಣಾ, ಬನ್ನಿ, ನೀರು ಬೆಚ್ಚಗೈತೆ!" ಎಂದು ಕೂಗಿದ.

"ನಾಳೆಗೆ ಇರಲಿ ಶಿವಣ್ಣ," ಎಂದು ಗಂಭೀರವಾಗಿ ಉತ್ತರಿಸಿದೆ.

ಆದರೆ ನನ್ನ ಕಣ್ಣು ಬಿದ್ದದ್ದು ಬೇರೊಂದರ ಮೇಲೆ. ಈಜು ಕಲಿಯುವ ಮಕ್ಕಳು ಸಿಪ್ಪೆ ಸುಲಿಯದ ಒಣಗಿದ ತೆಂಗಿನಕಾಯಿ ಎರಡನ್ನು ಹಗ್ಗದಲ್ಲಿ ಜೋಡಿಸಿ, ಅದರ ಮೇಲೆ ಎದೆಯಿಟ್ಟು ತೇಲುತ್ತಿದ್ದವು. ಪುಸ್ತಕದಲ್ಲಿ ಇಲ್ಲದ ಈ ಉಪಾಯ ನನಗೆ ಬಹಳ ಹಿಡಿಸಿತು. ಒಂದು ಮಗುವಿಗೆ ಎರಡಾದರೆ, ಕಚೇರಿಯಲ್ಲಿ ಕೂತು ಬೆಳೆದ ಈ ದೇಹಕ್ಕೆ ಎಂಟು ಎಂದು ಲೆಕ್ಕ ಹಾಕಿದೆ. ಪೂಜೆಯ ದಿನ ಬೆಳಿಗ್ಗೆ ಬೇಗನೆ ಎದ್ದು, ಯಾರೂ ಇಲ್ಲದ ಮೂಲೆಯಲ್ಲಿ ಕಾಯಿ ಕಟ್ಟಿಕೊಂಡು ಒಂದು ಗಂಟೆ ಅಭ್ಯಾಸ. ಮಧ್ಯಾಹ್ನದ ಹೊತ್ತಿಗೆ ಕಾಯಿಯ ಹಂಗೂ ಇರುವುದಿಲ್ಲ!

ನಮ್ಮ ಸೀಮೆಯ ಮನೆಗಳಲ್ಲಿ ಒಣ ಕಾಯಿಗೆ ಬರವಿಲ್ಲ. ಕೊಬ್ಬರಿಯಾಗಲೆಂದು ವರ್ಷಗಟ್ಟಲೆ ಅಟ್ಟದ ಮೇಲೆ ಬಿದ್ದಿರುತ್ತವೆ. ಊಟವಾಗಿ ಎಲ್ಲರೂ ಅಡ್ಡಾದ ಹೊತ್ತಿನಲ್ಲಿ ಏಣಿ ಹತ್ತಿದೆ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಗುಡುಗುಡು ಅಂದದ್ದನ್ನು ಮಾತ್ರ ಆರಿಸಿದೆ. ಮೂಲೆಯಲ್ಲಿ ಬೇರೆಯಾಗಿ ಜೋಡಿಸಿದ್ದ ಎಂಟು ಕಾಯಿಗಳಂತೂ ಬಹಳ ಹಗುರ. ಪ್ರತಿಯೊಂದರ ಮೇಲೂ ಒಂದು ಸುಣ್ಣದ ಬೊಟ್ಟು. ಕಚೇರಿಯ ಮನುಷ್ಯನಾದ ನನಗೆ ಅದು "ಪರಿಶೀಲಿಸಲಾಗಿದೆ" ಎಂಬ ಮೊಹರಿನಂತೆ ಕಂಡಿತು. ಅವನ್ನೇ ಚೀಲಕ್ಕೆ ತುಂಬಿದೆ.

"ಅಟ್ಟದ್ ಮ್ಯಾಲೆ ಏನದು ಸದ್ದು?" ಅತ್ತೆಯವರ ಧ್ವನಿ.

"ಹೆಗ್ಗಣ ಇರಬೇಕು ಅವ್ವಾ," ಎಂದಳು ಏಣಿಯ ಬುಡದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ ಲಲಿತ. ಪತಿವ್ರತೆ!

ಶುಕ್ರವಾರ ಬೆಳಕು ಹರಿಯುವಾಗ ಕೆರೆಯ ಪಡುವಣ ಮೂಲೆಯಲ್ಲಿದ್ದೆ. ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತು ತೆಂಗಿನ ನಾರಿನ ಹಗ್ಗದಿಂದ ಎಂಟು ಕಾಯಿಗಳನ್ನೂ ಸೊಂಟದ ಸುತ್ತ ಬಿಗಿದೆ. ಮದುವಣಗಿತ್ತಿ ಡಾಬು ತೊಟ್ಟ ಹಾಗೆ. ಮಕ್ಕಳು ಎದೆಯ ಕೆಳಗಿಟ್ಟುಕೊಂಡದ್ದನ್ನು ನಾನು ಸೊಂಟಕ್ಕೇಕೆ ಕಟ್ಟಿದೆ? ಮನುಷ್ಯನ ಮಧ್ಯಭಾಗವನ್ನು ಹಿಡಿದೆತ್ತಿದರೆ ಎರಡು ತುದಿಯೂ ಏಳಬೇಕಲ್ಲವೆ ಎಂಬುದು ನನ್ನ ವಿಚಾರಸರಣಿ. ತಕ್ಕಡಿ ನೋಡಿದ್ದೇನೆ.

ಗಂಗಮ್ಮನಿಗೆ ಕೈ ಮುಗಿದು ಮುಂದಕ್ಕೆ ಬಿದ್ದೆ.

ಮಧ್ಯಭಾಗ ಎದ್ದಿತು. ಎರಡು ತುದಿಯೂ ಮುಳುಗಿದವು!

ಕಾಯಿಗಳು ತಮ್ಮ ಕೆಲಸವನ್ನು ಕಾಯಾ ವಾಚಾ ಮನಸಾ ಮಾಡಿದವೆಂಬುದನ್ನು ನಾನು ಒಪ್ಪಲೇಬೇಕು. ಅವು ಯಾವ ಭಾಗವನ್ನು ಹಿಡಿದಿದ್ದವೋ ಆ ಭಾಗ ಒಂದು ಕ್ಷಣವೂ ನೀರಿಗೆ ಸೋಕಲಿಲ್ಲ. ತಲೆಯೆತ್ತಿ ಉಸಿರೆಳೆದರೆ ಕಾಲು ಪಾತಾಳಕ್ಕೆ, ಕಾಲು ಬಡಿದರೆ ತಲೆ ಪಾತಾಳಕ್ಕೆ. ಪುಸ್ತಕದ ಗಂಡಸರು ಏಕೆ ನಗುತ್ತಿದ್ದರೆಂದು ಆಗ ಗೊತ್ತಾಯಿತು. ಗಂಟು ಬಿಚ್ಚೋಣವೆಂದರೆ ನೆಂದ ನಾರು ಇನ್ನಷ್ಟು ಬಿಗಿದಿತ್ತು. ಅಷ್ಟರಲ್ಲಿ ಪಡುವಣ ಗಾಳಿ ಎದ್ದಿತು. ನನ್ನ ದೇಹದಲ್ಲಿ ಗಾಳಿಗೆ ಸಿಕ್ಕುವ ಭಾಗವೊಂದು ಮೇಲೆಯೇ ಇತ್ತಲ್ಲ, ಹಾಯಿಯಂತೆ ಅದನ್ನೇ ಹಿಡಿದು ಗಾಳಿ ನನ್ನನ್ನು ಏರಿಯುದ್ದಕ್ಕೂ ನಿಧಾನವಾಗಿ ಸಾಗಿಸಿತು.

ಏರಿಯ ನಡುವೆ ಸೋಪಾನ. ಅಲ್ಲಿ ಊರ ಹೆಂಗಸರೆಲ್ಲ ಸೇರಿ ಗಂಗಮ್ಮನಿಗೆ ಬಾಗಿನ ಬಿಡುತ್ತಿದ್ದರು. ಅರಿಶಿನ ಕುಂಕುಮದ ಮೊರಗಳು ನೀರಿನಲ್ಲಿ ತೇಲುತ್ತಿದ್ದವು. ಅವುಗಳ ನಡುವೆ ನಾನೂ ತೇಲುತ್ತಾ ಬಂದೆ. ಮುಂದಿನ ಸಂಭಾಷಣೆಯಲ್ಲಿ ತಲೆ ಮೇಲಿದ್ದಾಗ ನಾನು ಕೇಳಿದ್ದು ಅರ್ಧ. ಉಳಿದರ್ಧ ಆಮೇಲೆ ಲಲಿತ ಒಪ್ಪಿಸಿದ್ದು.

"ಅಯ್ಯೋ! ಸುಣ್ಣದ್ ಬೊಟ್ಟಿನ ಕಾಯಿ ಕಣೇ!" ಎಂದು ಅತ್ತೆಯವರು ಎದೆ ಬಡಿದುಕೊಂಡರಂತೆ. "ಹೆಣ್ಮಕ್ಕಳ ಮಡ್ಲಕ್ಕಿಗೆ ಅಂತ ನಾ ಆರಿಸಿ ಮಡಗಿದ್ದು! ಯಾವನ್ಲಾ ಕೆರೇಗ್ ಬುಟ್ಟೋನು?"

ಮಡಿಲಕ್ಕಿಯೆಂದರೆ ತವರಿಂದ ಹೊರಟ ಮಗಳ ಸೆರಗಿಗೆ ತಾಯಿ ತುಂಬುವ ಅಕ್ಕಿ, ಬೆಲ್ಲ, ಕೊಬ್ಬರಿ. ಮೊಹರಿನ ಅರ್ಥ ಅದಾಗಿತ್ತು!

"ಅವ್ವಾ, ಕಾಯಿ ಮಧ್ಯೆ ಏನೋ ಪಟ್ಟಾಪಟ್ಟಿ ಕಾಣ್ತದೆ..." ಎಂದಳಂತೆ ಲಲಿತ.

"ಪಟ್ಟಾಪಟ್ಟಿ ಹಾಳಾಗೋಗ್ಲಿ, ಮೊದ್ಲು ಕಾಯಿ ಎಳ್ಕಳ್ರೇ!"

"ಅವ್ವಾ! ಆ ಚಡ್ಡಿ ನಾನೇ ಹೊಲ್ಸಿದ್ದು! ನಮ್ಮೋರು ಕಣವ್ವಾ!"

ಅತ್ತೆಯವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರಂತೆ. ಆಮೇಲೆ, "ಹಂಗಾರೆ ಇಬ್ರನ್ನೂ ಎಳೀರಿ," ಎಂದರಂತೆ. ಇಬ್ಬರು ಎಂದರೆ ಕಾಯಿ ಮತ್ತು ನಾನು.

ಕೂಗು ಕೇಳಿ ಬಂದ ಶಿವಣ್ಣ ಏರಿಯ ಕೆಳಗಿನ ತೋಟಕ್ಕೆ ಓಡಿದ. ತೆಂಗಿನಕಾಯಿ ಕೆಡವುವ ದೋಟಿ ತಂದ. ಉದ್ದನೆಯ ಬಿದಿರು, ತುದಿಗೆ ಕೊಕ್ಕೆ. ಸೋಪಾನದ ಮೇಲೆ ನಿಂತು ಕೊಕ್ಕೆಯನ್ನು ನನ್ನ ಸೊಂಟದ ಹಗ್ಗಕ್ಕೆ ಹಾಕಿದ. ಏರಿಯ ಮೇಲೆ ಸೇರಿದ್ದವರಲ್ಲಿ ಯಾರೋ, "ಬಲ್ತೈತಾ ನೋಡ್ಕಂಡು ಕೀಳ್ಲಾ!" ಎಂದು ಕೂಗಿದರು. ಊರಿಗೆ ಊರೇ ನಕ್ಕಿತು. ನನ್ನನ್ನು ಕೊಯ್ಲು ಮಾಡಿ ಕಲ್ಲಿನ ಮೇಲೆ ಹಾಕಿದರು.

ಲಲಿತ ಸೆರಗಿನಿಂದ ನನ್ನ ತಲೆ ಒರೆಸಿದಳು. ಒಣಗಿದ ಮೇಲೂ ಒರೆಸುತ್ತಲೇ ಇದ್ದಳು. ಅದನ್ನು ನೋಡಿ, ನೀರು ಕುಡಿದದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಮಾವನವರು ಕೋಲೂರಿಕೊಂಡು ಬಂದು ನನ್ನ ಸೊಂಟದ ಕಾಯಿಗಳನ್ನು ಒಂದೊಂದಾಗಿ ಎಣಿಸಿದರು.

"ಅಳೀಂದ್ರೆ, ತಿಪಟೂರ್ ಕಡೆ ಹಿಂಗೇ ಈಜೋದಾ?"

ಕೆರೆಯ ನೀರಿನ ಜೊತೆಗೆ ಸತ್ಯವೂ ಹೊರಬಂತು. "ನನಗೆ ಈಜು ಬರಲ್ಲ ಮಾವ. ಅವತ್ತು ಬಾಯಲ್ಲಿ ಉಪ್ಪಿಟ್ಟಿತ್ತು."

ಮಾವನವರು ಅತ್ತೆಯವರ ಕಡೆ ತಿರುಗಿ, "ಉಪ್ಪಿಟ್ಟು ಗಟ್ಟಿಯಾಗಿತ್ತು ಅಂತ ನಾ ಅವತ್ತೇ ಹೇಳ್ನಿಲ್ವಾ?" ಎಂದರು. ನನಗೆ ಸಿಕ್ಕ ಕ್ಷಮಾದಾನ ಅಷ್ಟೇ.

ಮಧ್ಯಾಹ್ನ ಶಿವಣ್ಣ ಹಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಈಜಿ, ಕಂಬಕ್ಕೆ ಹಾಕಿ, ಕೈ ಬೀಸಿದ. ಮೊದಲ ಎಲೆ ಅವನದು. ಅವನು, "ಅಣ್ಣ ಇಲ್ಲೇ ಕೂತ್ಕಳ್ಲಿ," ಎಂದು ಎದ್ದ. ಒಳ್ಳೆಯವನೆಂದು ಮೊದಲೇ ಹೇಳಿದೆನಲ್ಲ! ನಾನು ಎರಡನೆಯ ಎಲೆಯಲ್ಲೇ ಕೂತೆ. ಒಬ್ಬಟ್ಟು ಅಲ್ಲಿಗೂ ಬಂತು.

ನೀರು ಕಂಡ ಕಾಯಿ ಪೂರಾ ಒಣಗದೆ ಮತ್ತೆ ಅಟ್ಟ ಏರುವಂತಿಲ್ಲವಂತೆ. ಅವನ್ನು ಅಂಗಳದಲ್ಲಿ ಹರಡಿ, ಬಿಸಿಲು ತಿರುಗಿದಂತೆಲ್ಲ ಹೊರಳಿಸುವ ಕೆಲಸ ಎರಡು ದಿನ ನನ್ನದಾಗಿತ್ತು. ಯಾರೂ ಹೇಳಲಿಲ್ಲ. ನಾನೇ ವಹಿಸಿಕೊಂಡೆ.

ಹೊರಡುವ ದಿನ ಅತ್ತೆಯವರು ಇಬ್ಬರು ಹೆಣ್ಣುಮಕ್ಕಳಿಗೂ ಬೇರೆ ಕೊಬ್ಬರಿಯಿಟ್ಟು ಮಡಿಲು ತುಂಬಿದರು. ಕಾಲಿಗೆ ಬಿದ್ದೆದ್ದ ನನ್ನ ಕೈಗೂ ಒಂದು ಚೀಲ ಕೊಟ್ಟರು. ಒಳಗೆ ಹಗ್ಗದಲ್ಲಿ ಜೋಡಿಸಿದ ಎರಡು ಒಣ ಕಾಯಿ. ಹೊಸದಾಗಿ ಸುಣ್ಣದ ಬೊಟ್ಟು ಬೇರೆ.

"ಎರಡು ಸಾಕು ಅಳೀಂದ್ರೆ. ಎದೆಗೆ ಕಟ್ಕಳಿ, ಸೊಂಟಕ್ಕಲ್ಲ."

ಆ ಜೋಡಿ ಕಾಯಿ ಈಗಲೂ ನಮ್ಮ ಮನೆಯ ಬಚ್ಚಲ ಬಾಗಿಲ ಮೊಳೆಯಲ್ಲಿ ತೂಗುತ್ತಿದೆ. ನಾನು ಟವಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊರಟರೆ ಸಾಕು, ಅಡಿಗೆಮನೆಯಿಂದ ಲಲಿತ, "ರೀ, ಇವತ್ತು ಹಂಡೆ ತುಂಬಾ ನೀರದೆ. ಕಾಯಿ ಬೇಕಾ?" ಎನ್ನುತ್ತಾಳೆ.

ಬೇಡ ಎಂದು ತಲೆಯಾಡಿಸುತ್ತೇನೆ. ಅಡ್ಡಡ್ಡ, ಸ್ಪಷ್ಟವಾಗಿ, ಎರಡು ಸಲ.