ನನ್ನ ಸ್ಪೋರ್ಟ್ಸ್ ಕಾರಿನ ಮೇಲೆ ಸೊಸೈಟಿಯ ಹಕ್ಕು

ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವನು ಅವಮಾನವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಪ್ರತಿ ಭಾನುವಾರ ಪಾರ್ಕಿಂಗಿಗೆ ಬಂದು ವಿಚಾರಿಸಿಕೊಂಡು ಹೋಗುತ್ತದೆ.

ನಾನು ಪುತ್ತೂರಿನ ಕಡೆಯವನು. ವಡೋದರಾದ ಗೋರ್ವಾದಲ್ಲಿ ಬಾಡಿಗೆ ಫ್ಲ್ಯಾಟು, ಅಲ್ಲೇ ಹತ್ತಿರ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ. ಮದುವೆಯಾಗಿಲ್ಲ. ಆದರೆ ಕಾರಿದೆ. ಎರಡೇ ಬಾಗಿಲು, ಎರಡೇ ಸೀಟು, ಬೇಕೆಂದಾಗ ಮೇಲೇಳುವ, ಬೇಡವೆಂದಾಗ ಬಾನೆಟ್ಟಿನೊಳಗೆ ಅಡಗುವ ಹೆಡ್‌ಲೈಟು. ಹೈಸ್ಕೂಲಿನಲ್ಲಿದ್ದಾಗಿನಿಂದ ನಾನು ಆಸೆಪಟ್ಟದ್ದು ಈ ಒಂದೇ ವಸ್ತುವಿಗೆ. ಅದನ್ನು ನಮ್ಮ ಹೌಸಿಂಗ್ ಸೊಸೈಟಿಯ ಚೇರ್ಮನ್ ಸಾಹೇಬರು ‘ಭಂಗಾರ್’ ಅನ್ನುತ್ತಾರೆ, ಅಂದರೆ ಗುಜರಿ. ಅವರದ್ದೊಂದು ಆಜ್ಞೆಯೂ ಆಗಿದೆ: ಬೇಸಿಗೆಯ ಮೀಟಿಂಗಿನ ದಿನ ಕಾರು ಯಾರೂ ತಳ್ಳದೆ ಗೇಟು ದಾಟಿ ಹೋಗಿ ವಾಪಸು ಬರಬೇಕು. ಬರದಿದ್ದರೆ ಕ್ರೇನ್ ಬರುತ್ತದೆ. ನನಗೆ ಬೇರೆ ಜಾಗವಿಲ್ಲ. ಕ್ರೇನ್ ಬಂದರೆ ಕಾರು ನಿಜಕ್ಕೂ ಗುಜರಿಗೇ ಹೋಗುವುದು.

ಕಾಲುಗಳ ಜೊತೆ ಮಾತುಕತೆ

ಕಾರಿನ ಕೆಳಗೆ ಮಲಗಿ ಕೆಲಸ ಮಾಡುವವನ ಕಾಲು ಮಾತ್ರ ಹೊರಗೆ ಕಾಣುತ್ತದಲ್ಲ, ನಮ್ಮ ಸೊಸೈಟಿಯವರಿಗೆ ಮಾತಾಡಲು ಅಷ್ಟು ಸಾಕು. ಹಾಲು ತರಲು ಹೋಗುವವರು, ವಾಕಿಂಗ್ ಮುಗಿಸಿ ಬರುವವರು ಎಲ್ಲರೂ ನನ್ನ ಪಾದಗಳ ಎದುರು ನಿಂತು ಕೇಳುವುದು ಮೈಲೇಜಿನ ಒಂದೇ ಪ್ರಶ್ನೆ, “ಏವರೇಜ್ ಎಷ್ಟು ಕೊಡುತ್ತೆ?”

ಸ್ವಾಮಿ, ಸ್ಟಾರ್ಟೇ ಆಗದ ಗಾಡಿ ಏವರೇಜ್ ಎಲ್ಲಿಂದ ಕೊಡಬೇಕು? ಎಣ್ಣೆ ಮೂಗಿನ ಮೇಲೆ ತೊಟ್ಟಿಕ್ಕುತ್ತಿರುವಾಗ ಅಷ್ಟು ಉದ್ದದ ಉತ್ತರ ಕೊಡಲು ಆಗುವುದಿಲ್ಲ. ಒಂದು ದಿನ ಚೇರ್ಮನ್ ಸಾಹೇಬರೇ ಬಂದು ನನ್ನ ಕಾಲುಗಳಿಗೆ ಬುದ್ಧಿ ಹೇಳಿದರು.

“ಭಾಯ್, ಸಿಎನ್‌ಜಿ ಹಾಕಿಸಿಬಿಡು.”

ನನಗೆ ಮೈಯೆಲ್ಲ ಉರಿಯಿತು. ಸ್ಪೋರ್ಟ್ಸ್ ಕಾರಿಗೆ ಸಿಎನ್‌ಜಿ! ಪಟ್ಟೆ ಸೀರೆ ಉಟ್ಟ ಮದುಮಗಳ ತಲೆಯ ಮೇಲೆ ಗ್ಯಾಸ್ ಸಿಲಿಂಡರ್ ಹೊರಿಸಿದ ಹಾಗೆ. ಕೆಳಗಿನಿಂದಲೇ ಕೂಗಿದೆ, “ಇದರ ಡಿಕ್ಕಿಯಲ್ಲಿ ಒಂದು ಸೂಟ್‌ಕೇಸ್ ಹಿಡಿಯಲ್ಲ ಅಂಕಲ್, ಸಿಲಿಂಡರ್ ಎಲ್ಲಿಡಲಿ?”

“ಪಕ್ಕದ ಸೀಟಿನಲ್ಲಿ ಇಡು. ಅಲ್ಲಿ ಕೂರೋಕೆ ನಿನಗೆ ಯಾರೂ ಸಿಕ್ಕಿಲ್ಲವಲ್ಲ!”

ಸೂರತ್ತಿನ ಇಡ್ಲಿ

ಈ ಕಾರು ಓಡಿಯೇ ಇಲ್ಲ ಎನ್ನುವವರ ಬಾಯಿ ಮುಚ್ಚಿಸಲು ಹೇಳುತ್ತೇನೆ, ಕಳೆದ ವರ್ಷ ಇದು ಸೂರತ್ತಿಗೆ ಹೋಗಿತ್ತು. ಅಲ್ಲಿ ನನ್ನ ಸೋದರಮಾವನದ್ದು ಉಡುಪಿ ಹೋಟೆಲು. ಮಾವ ಗಲ್ಲಾ ಬಿಟ್ಟು ಬಂದು, ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, ಒಳಗೆ ಕೂರಲು ಹೋಗಿ ಅರ್ಧದಲ್ಲಿ ಸಿಕ್ಕಿಕೊಂಡರು.

“ಎಂತದು ಮಾರಾಯ ಇದು? ಇದರಲ್ಲಿ ಕೂತುಕೊಳ್ಳುವುದಾ, ಮಲಗುವುದಾ?”

ನನ್ನ ಮರ್ಯಾದೆಗೆ ಅಷ್ಟೇ ಸಾಕಿತ್ತು. ಆದರೆ ಹೊರಡುವ ಹೊತ್ತಿಗೆ ಎಂಜಿನ್ನಿನ ಬೆಲ್ಟು ಪಟ್ಟಂತ ಹರಿಯಿತು. ಭಾನುವಾರ, ಅಂಗಡಿಗಳೆಲ್ಲ ಬಂದ್. ಹೋಟೆಲಿನ ಅಡುಗೆಮನೆಯಲ್ಲಿ ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರಿನ ಬೆಲ್ಟು ನೋಡಿದೆ. ಅಳತೆ ಹಿಡಿದೆ. ದೇವರು ಮಾಡಿಸಿದ ಹಾಗೆ ಸರಿಯಾಗಿ ಕೂತಿತು! ಮಾವನಿಗೆ ಹೇಳಿಯೇ ತೆಗೆದದ್ದು. ಅವರು ಬಿಲ್ ಕೊಡುವ ಗಡಿಬಿಡಿಯಲ್ಲಿ “ಆಯ್ತು ಆಯ್ತು” ಅಂದದ್ದು ಯಾವುದಕ್ಕೆ ಎಂದು ಅವರಿಗೇ ತಿಳಿದಿರಲಿಲ್ಲ, ಅಷ್ಟೆ.

ಭರೂಚ್ ದಾಟುವಾಗ ಫೋನು ಬಂತು.

“ಕಾರು ಓಡ್ತಾ ಉಂಟಾ?”

“ಫಸ್ಟ್ ಕ್ಲಾಸ್ ಓಡ್ತಾ ಉಂಟು ಮಾವ!”

“ಸಂತೋಷ. ಇಲ್ಲಿ ನಾಳೆಗೆ ಬೋರ್ಡು ಬರೆಸಿದ್ದೇನೆ. ‘ಇವತ್ತು ಇಡ್ಲಿ ದೋಸೆ ಇಲ್ಲ. ವಿಚಾರಿಸುವವರು ಅಳಿಯನಿಗೆ ಫೋನ್ ಮಾಡಿ.’ ನಿನ್ನ ನಂಬರು ಕೆಳಗೆ ಉಂಟು.”

ಮರುದಿನ ಬೆಳಗ್ಗೆಯಿಂದಲೇ ಫೋನುಗಳು ಶುರುವಾದವು. ಸೂರತ್ತಿನವರು ಹೊಟ್ಟೆಯ ವಿಷಯದಲ್ಲಿ ಯಾರನ್ನೂ ಕ್ಷಮಿಸುವುದಿಲ್ಲ.

ಕಣ್ಣು ಹೊಡೆದ ಆರೋಪ

ಈ ವರ್ಷ ಕಾರಿಗೆ ಎರಡು ಕಾಯಿಲೆ ಒಟ್ಟಿಗೆ ಬಂದವು. ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಮತ್ತೆ ಹೆಡ್‌ಲೈಟು ಎತ್ತುವ ಎರಡು ಮೋಟರುಗಳಲ್ಲಿ ಎಡಗಡೆಯದ್ದು ಜಾಮ್. ಒಂದು ಸಂಜೆ ಒಳಗೆ ಕೂತು ಸ್ವಿಚ್ ಒತ್ತಿ ನೋಡಿದೆ. ಬಲಗಡೆಯ ಲೈಟು ಒಂದೇ ಎದ್ದು, ಮಿನುಗಿ, ಮಲಗಿತು. ಅದೇ ಹೊತ್ತಿಗೆ ಎದುರಿನಿಂದ ಚೇರ್ಮನ್ನರ ಅತ್ತೆ ದೇವಸ್ಥಾನದಿಂದ ಬರುತ್ತಿದ್ದರು.

ಅರ್ಧ ಗಂಟೆಯೊಳಗೆ ಚೇರ್ಮನ್ ನನ್ನ ಬಾಗಿಲಲ್ಲಿದ್ದರು. ನನ್ನ ಕಾರು ಅವರ ಅತ್ತೆಗೆ ಕಣ್ಣು ಹೊಡೆಯಿತಂತೆ! ಎಪ್ಪತ್ತು ದಾಟಿದ ಹಿರಿಯರಂತೆ, ಸೊಸೈಟಿಯ ಸಂಸ್ಕಾರ ಏನಾಗಬೇಕಂತೆ! ನಾನು ಮೋಟರು, ವೈರಿಂಗು, ತುಕ್ಕು ಎಲ್ಲವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿ, “ಅದೆಲ್ಲ ಸರಿ, ಬೇರೆ ಯಾರಿಗೂ ಹೊಡೆಯದ್ದು ಇವರಿಗೇ ಯಾಕೆ ಹೊಡೆಯಿತು?” ಅಂದರು. ಕಬ್ಬಿಣದ ನಡತೆಗೆ ನಾನು ಜವಾಬು ಕೊಡಬೇಕು! ಸಿಟ್ಟಿಗೆ ರಾತ್ರಿ ಊಟವೇ ಸೇರಲಿಲ್ಲ.

ಮರುದಿನ ಸಂಜೆ ಮೋಟರು ಬಿಚ್ಚುತ್ತಿದ್ದೆ. ಅತ್ತೆಯವರು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು, ಕಾರಿನ ಎದುರು ಸ್ವಲ್ಪ ಹೊತ್ತು ನಿಂತರು. ಆಮೇಲೆ ನನ್ನ ಕಡೆ ಮುಖ ಮಾಡಿದರು.

“ಬೇಟಾ, ಇವತ್ತು ಯಾಕೆ ಗುರುತೇ ಇಲ್ಲದ ಹಾಗೆ ನಿಂತಿದೆ?”

ಅಹಮದಾಬಾದಿನಲ್ಲಿ ಸಿಕ್ಕ ಬಿಡಿಭಾಗ

ಎಂಜಿನ್ ಹತ್ತದಿರುವುದಕ್ಕೆ ಕಾರಣ ಕೊನೆಗೂ ಸಿಕ್ಕಿತು. ಕಿಡಿ ಬರುತ್ತಿತ್ತು, ಪೆಟ್ರೋಲ್ ಬರುತ್ತಿರಲಿಲ್ಲ. ಪೆಟ್ರೋಲ್ ಪಂಪು ಸತ್ತಿತ್ತು. ಕೆಟ್ಟ ಪಂಪನ್ನು ಪೇಪರಿನಲ್ಲಿ ಸುತ್ತಿಕೊಂಡು ರೈಲಿನಲ್ಲಿ ಅಹಮದಾಬಾದಿಗೆ ಹೋದೆ. ಹಳೆ ಬಿಡಿಭಾಗಗಳ ಅಂಗಡಿಯವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಚಹಾ ತರಿಸಿ, ಫೋಟೋ ತೆಗೆದು ತನ್ನ ವಾಟ್ಸಾಪ್ ಗ್ರೂಪಿಗೆ ಹಾಕಿದ. ಗುಜರಾತಿನ ವ್ಯಾಪಾರಿ ‘ಇಲ್ಲ’ ಅನ್ನುವುದಿಲ್ಲ, ‘ಕೂತುಕೊಳ್ಳಿ’ ಅನ್ನುತ್ತಾನೆ. ಚಹಾ ಮುಗಿಯುವುದರೊಳಗೆ ಅವನ ಮುಖ ಅರಳಿತು.

“ಸಿಕ್ತು ಸಾಹೇಬ್! ಇಡೀ ಗುಜರಾತಿನಲ್ಲಿ ಒಂದೇ ಒಂದು ಇದೆ. ನಿಮ್ಮ ಅದೃಷ್ಟ, ವಡೋದರಾದಲ್ಲೇ ಇದೆ.”

ನಾನು ಎದ್ದೇ ನಿಂತೆ. “ವಡೋದರಾದಲ್ಲಿ ಎಲ್ಲಿ?”

“ಗೋರ್ವಾದಲ್ಲಿ. ಒಬ್ಬ ಮದ್ರಾಸಿ ಹುಡುಗ ಇಂಥದೇ ಗಾಡಿ ಕೆಡಿಸಿ ಇಟ್ಟುಕೊಂಡಿದ್ದಾನಂತೆ. ಮೀಟಿಂಗ್ ಆದ ಮೇಲೆ ಬಿಡಿಬಿಡಿಯಾಗಿ ಮಾರಾಟಕ್ಕಿದೆ ಅಂತ ಅವನ ಸೊಸೈಟಿ ಚೇರ್ಮನ್ನೇ ಫೋಟೋ ಸಮೇತ ಹಾಕಿದ್ದಾರೆ.”

ಫೋಟೋದಲ್ಲಿ ನನ್ನ ಕಾರಿತ್ತು. ಅದರ ಕೆಳಗಿನಿಂದ ನನ್ನ ಎರಡು ಕಾಲುಗಳು ಹೊರಗೆ ಚಾಚಿದ್ದವು. ನಾನು ಮದ್ರಾಸಿಯಲ್ಲ, ಕನ್ನಡಿಗ, ಅಂತ ಕೂಗಾಡಿದೆ. ಅಂಗಡಿಯವನು ಸಮಾಧಾನ ಮಾಡಿದ, “ಬಿಡಿ ಸಾಹೇಬ್, ನೀವು ಯಾರಾದರೇನು, ನಿಮ್ಮ ಕಾಲುಗಳು ಮಾರಾಟಕ್ಕಿಲ್ಲವಲ್ಲ.”

ಮೀಟಿಂಗಿನ ದಿನ

ಪಂಪು ಕೊನೆಗೆ ಇನ್ನೊಂದು ಅಂಗಡಿಯಲ್ಲಿ ಸಿಕ್ಕಿತು. ಮೀಟಿಂಗಿನ ಹಿಂದಿನ ಸಂಜೆ ಜೋಡಿಸಿ ಕೀಲಿ ತಿರುಗಿಸಿದೆ. ಹತ್ತಿತು! ಆ ಗುಡುಗು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ನಾಳೆ ಎಲ್ಲರ ಎದುರು ಗೇಟು ದಾಟಿ, ಚೇರ್ಮನ್ನರ ಕುರ್ಚಿಯ ಪಕ್ಕದಲ್ಲೇ ತಂದು ನಿಲ್ಲಿಸುತ್ತೇನೆ ಎಂದುಕೊಂಡು ಮಲಗಿದೆ.

ಬೆಳಗ್ಗೆ ಕೀಲಿ ಹಿಡಿದು ಕೆಳಗಿಳಿದರೆ ಕಾರು ಕಾಣಿಸಲಿಲ್ಲ. ಕಾಣಿಸಿದ್ದು ಪಾತ್ರೆಗಳು. ಬಾನೆಟ್ಟಿನ ಮೇಲೆ, ಛಾವಣಿಯ ಮೇಲೆ, ಡಿಕ್ಕಿಯ ಮೇಲೆ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ದೊಡ್ಡ ದೊಡ್ಡ ಸ್ಟೀಲ್ ಪಾತ್ರೆಗಳು. ಜಾರದ ಹಾಗೆ ಕೆಳಗೆ ಮಡಿಸಿದ ಟವೆಲ್ಲುಗಳು. ಪಕ್ಕದಲ್ಲಿ ಮೂರನೇ ಮಹಡಿಯ ಬೆನ್, ಅಂದರೆ ಅಕ್ಕ, ಸೌಟು ಹಿಡಿದು ಕಾವಲು ನಿಂತಿದ್ದರು.

“ಏನಿದು ಬೆನ್?”

“ಛುಂದೋ.”

ಅಂದರೆ ತುರಿದ ಮಾವಿನಕಾಯಿಗೆ ಸಕ್ಕರೆ ಬೆರೆಸಿ, ಒಲೆ ಮುಟ್ಟಿಸದೆ, ದಿನಗಟ್ಟಲೆ ಬಿಸಿಲಲ್ಲೇ ಪಾಕ ಬರಿಸುವ ಉಪ್ಪಿನಕಾಯಿ. ಬೇಸಿಗೆಯಲ್ಲಿ ಇಲ್ಲಿನ ಮನೆಗಳಲ್ಲಿ ಇದರ ಮುಂದೆ ಬೇರೆ ಕೆಲಸವಿಲ್ಲ. ಟೆರೇಸಿಗೆ ವಾಟರ್‌ಪ್ರೂಫಿಂಗ್ ನಡೆಯುತ್ತಿದ್ದರಿಂದ ಎಲ್ಲರೂ ಬಿಸಿಲು ಹುಡುಕಿ ಕೆಳಗೆ ಬಂದಿದ್ದರು. ನನ್ನ ಕಪ್ಪು ಕಾರು ಹೆಂಚಿನ ಹಾಗೆ ಕಾಯುತ್ತಿತ್ತು.

“ದಯವಿಟ್ಟು ತೆಗೆಯಿರಿ ಬೆನ್, ಕಾರು ಓಡಿಸಿ ತೋರಿಸಬೇಕು.”

“ಹುಚ್ಚಾ ನಿನಗೆ? ಪಾಕ ಈಗ ಎಳೆ ಬರ್ತಾ ಇದೆ. ನೆರಳು ತಾಗಿದರೆ ಹಾಳು!”

ಅಷ್ಟರಲ್ಲಿ ಚೇರ್ಮನ್ ಬಂದರು. “ಓಡಿಸುತ್ತೀಯೋ, ಕ್ರೇನ್ ಕರೆಸಲೋ?”

“ಕ್ರೇನಾ?” ಬೆನ್ ಸೌಟು ಎತ್ತಿದರು. “ಛಾವಣಿಯ ಮೇಲಿನ ದೊಡ್ಡ ಪಾತ್ರೆ ಯಾರದ್ದು ಅಂತ ಮನೆಯಲ್ಲಿ ಕೇಳಿಕೊಂಡು ಬನ್ನಿ.”

ಚೇರ್ಮನ್ ತಲೆಯೆತ್ತಿ ನೋಡಿದರು. ಬಾಲ್ಕನಿಯಲ್ಲಿ ಅವರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಚೇರ್ಮನ್ ಗಂಟಲು ಸರಿಮಾಡಿಕೊಂಡು ಅಲ್ಲೇ ಮೀಟಿಂಗ್ ಶುರುಮಾಡಿದರು. ಕಾರು ಇಲ್ಲೇ ಇರತಕ್ಕದ್ದು ಎಂದು ಸರ್ವಾನುಮತದಿಂದ ತೀರ್ಮಾನವಾಯಿತು.

ನಾನು ಕುಣಿದಾಡಬೇಕಿತ್ತು. ಆದರೆ ನನ್ನ ರಕ್ತ ಕುದಿಯಿತು. ಕೈ ಕಪ್ಪು ಮಾಡಿಕೊಂಡು ರಿಪೇರಿ ಮಾಡಿದವನು ನಾನು. ಉಳಿಸಿದ್ದು ಉಪ್ಪಿನಕಾಯಿಯಾ?

“ನನ್ನ ಕಾರು ಓಡುತ್ತೆ! ಒಂದೇ ಒಂದು ಸಲ ನೋಡಿ!” ಎಂದು ಕೂಗಿ, ಒಳಗೆ ನುಸುಳಿ ಕೀಲಿ ತಿರುಗಿಸಿಯೇ ಬಿಟ್ಟೆ. ಎಂಜಿನ್ ಗುಡುಗಿತು. ಪಾತ್ರೆಗಳೆಲ್ಲ ಗಲಗಲ ಅಲುಗಿದವು. ಎಲ್ಲ ಮಹಡಿಗಳಿಂದ ಒಟ್ಟಿಗೆ ಕಿರುಚಾಟ ಎದ್ದಿತು, “ಬಂದ್ ಕರೋ! ಬಂದ್ ಕರೋ!” ಚೇರ್ಮನ್ ಓಡಿ ಬಂದು, ಕಿಟಕಿಯಿಂದ ಕೈ ಹಾಕಿ, ಕೀಲಿ ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು. ಮಳೆಗಾಲ ಬರುವವರೆಗೆ ಕೀಲಿ ಸೊಸೈಟಿಯ ವಶದಲ್ಲಿರತಕ್ಕದ್ದು ಎಂದು ಎರಡನೆಯ ತೀರ್ಮಾನವೂ ಆಯಿತು.

ನಾನು ಸ್ಟೀರಿಂಗ್ ಹಿಡಿದು ಮುಖ ಊದಿಸಿಕೊಂಡು ಕೂತಿದ್ದೆ. ಬೆನ್ ಅವರಿಗೆ ಕನಿಕರ ಬಂತು. ಬಗ್ಗಿ ಕಿಟಕಿಯೊಳಗೆ ಇಣುಕಿ ನನ್ನ ತಲೆ ಸವರಿದರು.

“ಬೇಜಾರು ಮಾಡ್ಕೋಬೇಡ ಬೇಟಾ, ಗಾಡಿ ಚೆನ್ನಾಗಿದೆ. ಮುಂದಿನ ಸಲ ತಗೊಳ್ಳುವಾಗ ಮಾತ್ರ ಸ್ವಲ್ಪ ಅಗಲದ್ದು ನೋಡಿ ತಗೋ. ಇದರ ಮೇಲೆ ಹಪ್ಪಳಕ್ಕೆ ಜಾಗವೇ ಉಳಿಯಲಿಲ್ಲ.”